ಶಾಲೆಯವರು ಅಂದರು ಅಂತ ಸುಮ್ಮನಾಗಬೇಡ, ತಂಗಿ

‘ಮಗನ್ನ ಯಾರಿಗಾದ್ರೂ ತೋರಿಸ್ರಿ, ಇಲ್ಲಾಂದ್ರೆ ಬೇರೆ ಶಾಲೆ ನೋಡ್ಕೊಳ್ರಿ’ ಅಂತ ಶಾಲೆಯವರು ಹೇಳಿದಾಗಿನಿಂದ ನಿನ್ನ ಹೊಲಿಗೆ ಮಿಷನ್ನು ಓಡುತ್ತಿಲ್ಲವಂತೆ. ಜೀನ್ಸ್ ಬಂಡಲ್ಲುಗಳು ಮೂಲೆಯಲ್ಲಿ ಹಾಗೇ ಬಿದ್ದಿವೆಯಂತೆ. ನಿನ್ನತ್ತೆ ನಜರ್ ತೆಗೆಸು ಅಂದರಂತೆ. ಗಂಡ, ‘ನಾನೂ ಹಿಂಗೇ ಇದ್ದೆ, ನಾನೇನು ಬದುಕಲಿಲ್ವಾ’ ಅಂದನಂತೆ. ಪಕ್ಕದ ಮನೆಯಾಕೆ ಯಾವುದೋ ಟ್ಯೂಷನ್ ಹೇಳಿದಳಂತೆ. ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದರು. ಹುಡುಗನಿಗೆ ಏನಾಗಿದೆ, ನಿಜವಾಗಿ ಏನಾದರೂ ಆಗಿದೆಯೋ ಇಲ್ಲವೋ ಅಂತ ಮಾತ್ರ ಯಾರೂ ಕೇಳಲಿಲ್ಲ. ಬಳ್ಳಾರಿಯ ಈ ಕೌಲ್ ಬಜಾರಿನ ಓಣಿ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಲೇ ತಲೆ ನೆರೆತವಳು ನಾನು. ಹಾಗಾಗಿ ಕೇಳದಿದ್ದರೂ ಹೇಳುತ್ತಿದ್ದೇನೆ.

ಶಾಲೆಯವರು ಹೇಳಿದ್ದರಲ್ಲಿ ಎರಡು ಮಾತಿವೆ, ಅವನ್ನು ಬೇರೆ ಮಾಡಿಕೋ. ‘ತೋರಿಸ್ರಿ’ ಅಂದದ್ದು ಸರಿಯಾದ ಮಾತು, ಅದಕ್ಕೆ ಸಿಟ್ಟಾಗಬೇಡ. ತರಗತಿಯ ಮಕ್ಕಳನ್ನೆಲ್ಲ ಒಟ್ಟಿಗೆ ನೋಡುವ ಟೀಚರಿಗೆ ಒಬ್ಬ ಹಿಂದೆ ಬೀಳುತ್ತಿರುವುದು ಕಾಣುತ್ತದೆ. ಮನೆಯಲ್ಲಿ ಒಂದೇ ಮಗುವನ್ನು ನೋಡುವ ನಮಗೆ ಅದು ಕಾಣುವುದು ಕಷ್ಟ. ಕಲಿಕಾ ನ್ಯೂನತೆಯನ್ನು ಆದಷ್ಟು ಬೇಗ ಗುರುತಿಸುವುದು ಶಾಲೆಯ ಕರ್ತವ್ಯ ಅಂತ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್ನೇ ಹೇಳುತ್ತದೆ. ಟೀಚರುಗಳು ಮಕ್ಕಳನ್ನು ಗಮನಿಸಿ ಗುರುತು ಹಾಕಲಿ ಅಂತ ಎನ್‌ಸಿಇಆರ್‌ಟಿಯವರು ‘ಪ್ರಶಸ್ತ್’ ಅನ್ನುವ ಪ್ರಶ್ನೆಪಟ್ಟಿಯನ್ನೂ ಮಾಡಿಕೊಟ್ಟಿದ್ದಾರೆ. ಆದರೆ ಟೀಚರು ‘ಎಲ್‌ಡಿ, ಅಂದರೆ ಕಲಿಕಾ ನ್ಯೂನತೆ, ಇರಬೇಕು’, ‘ಸ್ವಲ್ಪ ಆಟಿಸಂ ಥರ ಕಾಣ್ತದೆ’ ಅಂದರೆ ಅದು ಅವರ ಅನುಮಾನ, ಅಷ್ಟೇ. ಅನುಮಾನಕ್ಕೆ ಹೆಸರಿಡುವ ಓದು ಬೇರೆ, ಅದನ್ನು ಓದಿದವರು ಬೇರೆ.

‘ಬೇರೆ ಶಾಲೆ ನೋಡ್ಕೊಳ್ರಿ’ ಅನ್ನುವುದಕ್ಕೆ ಮಾತ್ರ ತಲೆಯಾಡಿಸಬೇಡ. ಸರ್ಕಾರದ ಹಣ ಪಡೆಯುವ ಅಥವಾ ಸರ್ಕಾರದ ಮಾನ್ಯತೆ ಇರುವ ಯಾವ ಶಾಲೆಯೇ ಆಗಲಿ, ಇಂಥ ಮಕ್ಕಳನ್ನು ಭೇದ ಮಾಡದೆ ಸೇರಿಸಿಕೊಂಡು, ಉಳಿದವರ ಜೊತೆಯಲ್ಲೇ ಕಲಿಸಬೇಕು ಅಂತ ಅದೇ ಸೆಕ್ಷನ್ನಿನಲ್ಲಿದೆ. 2009ರ ಶಿಕ್ಷಣ ಹಕ್ಕಿನ ಆರ್‌ಟಿಇ ಕಾಯ್ದೆಯಂತೂ ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ ಅನ್ನುತ್ತದೆ. 2019ರ ತಿದ್ದುಪಡಿ ಬಂದ ಮೇಲೆ ಐದು, ಎಂಟನೇ ತರಗತಿಯಲ್ಲಿ ಫೇಲ್ ಮಾಡುವುದಕ್ಕೆ ದಾರಿಯಾಯಿತು, ಹೊರಹಾಕುವುದಕ್ಕೆ ಆಗಲಿಲ್ಲ. ಒಂದು ಸೂಕ್ಷ್ಮ ತಿಳಿದಿರಲಿ: ನಿನ್ನ ಮಗನದು ಅಲ್ಪಸಂಖ್ಯಾತ ಸಂಸ್ಥೆಯ ಶಾಲೆಯಾದರೆ ಆರ್‌ಟಿಇ ಹೆಸರೆತ್ತಬೇಡ. 2014ರ ಪ್ರಮತಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಅಂಥ ಶಾಲೆಗಳನ್ನು ಆ ಕಾಯ್ದೆಯಿಂದ ಹೊರಗಿಟ್ಟಿದೆ. ನೀನು 2016ರ ಕಾಯ್ದೆಯನ್ನೇ ಹಿಡಿ. ಜಗಳವೂ ಬೇಡ. ‘ಟಿಸಿ ತಗೊಂಡು ಹೋಗಿ’ ಅಂದರೆ ‘ಹಂಗಂತ ಒಂದು ಲೆಟರ್ ಬರೆದು ಕೊಡ್ರಿ ಸಾರ್’ ಅಂತ ಮೆತ್ತಗೆ ಕೇಳು. ಸಾಮಾನ್ಯವಾಗಿ ಮಾತು ಅಲ್ಲಿಗೇ ನಿಲ್ಲುತ್ತದೆ.

ಇನ್ನು, ತೋರಿಸುವುದು ಯಾರಿಗೆ? ಕೆಲವು ಸಲ ಶಾಲೆಯವರೇ ಒಂದು ಕಾರ್ಡು ಕೈಗಿಟ್ಟು ‘ಇಲ್ಲಿಗೇ ಹೋಗಿ’ ಅನ್ನುತ್ತಾರೆ. ಅಲ್ಲಿಯವರು ಅರ್ಧ ತಾಸು ಮಗುವನ್ನು ನೋಡಿ, ವಾರಕ್ಕೆ ಇಷ್ಟು ಸೆಷನ್ನು, ತಿಂಗಳಿಗೆ ಇಷ್ಟು ಫೀಸು ಅಂತ ಪ್ಯಾಕೇಜು ಹೇಳುತ್ತಾರೆ. ಖಾಸಗಿ ಸೆಂಟರುಗಳೆಲ್ಲ ಹಾಗೆ ಅಂತ ನಾನು ಹೇಳುವುದಿಲ್ಲ, ಒಳ್ಳೆಯವರನ್ನೂ ಕಂಡಿದ್ದೇನೆ. ಆದರೆ ನೋಡಿ ಹೇಳುವವರೂ ಥೆರಪಿ ಮಾರುವವರೂ ಒಬ್ಬರೇ ಆದಾಗ ಮನಸ್ಸಿನಲ್ಲೇ ಒಂದು ಲೆಕ್ಕ ಹಾಕು: ತೊಂದರೆ ಇದೆ ಅಂದರೆ ಇವರಿಗೆ ಏನು ಸಿಗುತ್ತದೆ, ಇಲ್ಲ ಅಂದರೆ ಏನು ಹೋಗುತ್ತದೆ? ಶಾಲೆಗೂ ಅದೇ ಲೆಕ್ಕ. ಹತ್ತನೇ ತರಗತಿ ಫಲಿತಾಂಶದ ಫ್ಲೆಕ್ಸು ಗೇಟಿಗೆ ಕಟ್ಟುವ ಶಾಲೆಗೆ ಹಿಂದೆ ಬೀಳುವ ಮಗು ಭಾರವೇ. ಈ ಎರಡೂ ಕಡೆಯ ಲಾಭ ನಷ್ಟಕ್ಕೆ ಸಂಬಂಧವಿಲ್ಲದವರು ಒಮ್ಮೆ ಮಗುವನ್ನು ಕೂರಿಸಿಕೊಂಡು ನೋಡಬೇಕು. ಸರ್ಕಾರಿ ಆಸ್ಪತ್ರೆಯವರಾದರೂ ಸರಿ, ಖಾಸಗಿಯವರಾದರೂ ಸರಿ.

‘ಚೈಲ್ಡ್ ಸೈಕಾಲಜಿಸ್ಟ್’ ಅಂತ ಬೋರ್ಡು ಹಾಕಿಕೊಳ್ಳುವುದು ಸುಲಭ. ಬುದ್ಧಿಮಟ್ಟದ ಪರೀಕ್ಷೆ ಮಾಡಿ ಸಹಿ ಹಾಕುವ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲಿ, ಮಾತು-ಶ್ರವಣದ ತಜ್ಞರಾಗಲಿ, ವಿಶೇಷ ಶಿಕ್ಷಕರಾಗಲಿ, ದೆಹಲಿಯ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐಯಲ್ಲಿ, ಹೆಸರು ನೋಂದಾಯಿಸಿರಬೇಕು. 1992ರ ಕಾಯ್ದೆಯಿಂದ ಬಂದ ನಿಯಮ ಅದು. ನೋಂದಣಿ ಸಂಖ್ಯೆ ಕೇಳಿದರೆ ನಿಜವಾದವರು ಬೇಜಾರಾಗುವುದಿಲ್ಲ, ವರದಿಯ ಕೆಳಗೆ ಅವರೇ ಬರೆದಿರುತ್ತಾರೆ.

ಸೈಕಾಲಜಿಸ್ಟಿನ ಬಾಗಿಲಿಗೆ ಹೋಗುವ ಮುಂಚೆ ಕಣ್ಣು, ಕಿವಿ ಎರಡನ್ನೂ ಪರೀಕ್ಷೆ ಮಾಡಿಸಿಬಿಡು. ಇದು ನನ್ನ ಬುದ್ಧಿವಾದವಷ್ಟೇ ಅಲ್ಲ, ಕಲಿಕಾ ನ್ಯೂನತೆ ಪ್ರಮಾಣಪತ್ರದ ಮಾರ್ಗಸೂಚಿಯಲ್ಲೂ ಮೊದಲ ಮೆಟ್ಟಿಲು ಅದೇ. ಕಿವಿ ಸೋರುವ ಮಕ್ಕಳು ನಮ್ಮ ಓಣಿಗಳಲ್ಲಿ ಎಷ್ಟಿಲ್ಲ? ನೆಗಡಿ ಬಂದಾಗಲೆಲ್ಲ ಕಿವಿ ಮಂದವಾಗಿ, ಡಿಕ್ಟೇಷನ್ನಿನಲ್ಲಿ ‘ಪ’ ಹೇಳಿದರೆ ‘ಬ’ ಬರೆದು ಹೊಡೆತ ತಿಂದವರು ನನ್ನ ಮುಂದೆಯೇ ಕೂತಿದ್ದರು. ನಾವೆಲ್ಲ ಇನ್ನೂ ವಿಮ್ಸ್ ಅಂತಲೇ ಕರೆಯುವ ಬಿಎಂಸಿಆರ್‌ಸಿ ಆಸ್ಪತ್ರೆಯಲ್ಲಿ ಕಿವಿ ವಿಭಾಗವೂ ಇದೆ, ಕಣ್ಣಿನ ವಿಭಾಗವೂ ಇದೆ, ಮಕ್ಕಳ ವಿಭಾಗವೂ ಇದೆ. ರಕ್ತ ಕಡಿಮೆಯಿದೆಯೇ, ರಾತ್ರಿ ನಿದ್ದೆ ಸರಿಯಿದೆಯೇ ಅನ್ನುವುದನ್ನೂ ಅಲ್ಲೇ ನೋಡಿಸು. ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ವರ್ಷಕ್ಕೆರಡು ಸಲ ಬರಬೇಕಾದ ಆರ್‌ಬಿಎಸ್‌ಕೆ ಡಾಕ್ಟರ ತಂಡ 2013ರಿಂದ ಇರುವುದೇ ಇಂಥ ತೊಂದರೆಗಳನ್ನು ಹುಡುಕುವುದಕ್ಕೆ. ಅವರು ಬಂದ ದಿನ ನಿನ್ನ ಮಗ ಗೈರುಹಾಜರಾಗಿದ್ದನೇ ಅಂತ ಶಾಲೆಯಲ್ಲಿ ಕೇಳು.

ಗೈರುಹಾಜರಿ ಅಂದಾಗ ಸಿರುಗುಪ್ಪ, ಕುರುಗೋಡು ಕಡೆಯ ನಮ್ಮ ನೆಂಟರು ನೆನಪಾಗುತ್ತಾರೆ. ಮೆಣಸಿನಕಾಯಿ ಬಿಡಿಸುವ ಕಾಲ, ಹತ್ತಿ ಬಿಡಿಸುವ ಕಾಲ ಬಂತೆಂದರೆ ತಾಯಿಯ ಹಿಂದೆ ಮಗುವೂ ಹೊಲಕ್ಕೆ. ವಾರಗಟ್ಟಲೆ ಶಾಲೆ ತಪ್ಪಿದ ಮಗುವಿಗೆ ಗುಣಾಕಾರ ಬರದಿದ್ದರೆ ಅದು ನ್ಯೂನತೆ ಆಗುವುದಿಲ್ಲ. ಪಾಠವೇ ಸಿಕ್ಕಿಲ್ಲದ ಮಗುವಿಗೆ ಕಲಿಕಾ ನ್ಯೂನತೆಯ ಹೆಸರು ಅಂಟಿಸಬಾರದು ಅನ್ನುವುದು ಈ ವಿದ್ಯೆಯ ಮೊದಲ ಪಾಠ. ಹಾಜರಿ ಎಷ್ಟಿತ್ತು, ಎಷ್ಟು ಸಲ ಶಾಲೆ ಬದಲಾಯಿತು, ಯಾವ ಮಾಧ್ಯಮದಿಂದ ಯಾವ ಮಾಧ್ಯಮಕ್ಕೆ ಹೋದ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗು. ಅದನ್ನು ಕೇಳದೆಯೇ ಮಗುವಿಗೆ ಹೆಸರಿಟ್ಟುಬಿಡುವವರು ತಜ್ಞರೇ ಅಲ್ಲ ಅನ್ನುವಷ್ಟು ಗಟ್ಟಿಯಾಗಿ ನಾನು ಹೇಳುತ್ತೇನೆ.

ಈಗ ನನ್ನ ಹೊಟ್ಟೆಯೊಳಗಿನ ಮಾತಿಗೆ ಬರುತ್ತೇನೆ. ನಿನ್ನ ಮಗ ಮನೆಯಲ್ಲಿ ಉರ್ದು ಆಡುತ್ತಾನೆ, ಓಣಿಯಲ್ಲಿ ಗೋಲಿ ಆಡುವಾಗ ತೆಲುಗು, ಫಸ್ಟ್ ಗೇಟಿನ ಅಂಗಡಿಯಲ್ಲಿ ಕನ್ನಡ, ಪುಸ್ತಕದಲ್ಲಿ ಇಂಗ್ಲಿಷ್. ಕೌಲ್ ಬಜಾರಿನಲ್ಲಿ ಇದೇನೂ ವಿಶೇಷವಲ್ಲ, ದಂಡು ಪ್ರದೇಶದ ಪಕ್ಕದ ಬಜಾರಾಗಿ ಬೆಳೆದ ಜಾಗ ಇದು. ಹೀಗೆ ನಾಲ್ಕು ಭಾಷೆಯ ಮಗುವನ್ನು ಯಾವ ಭಾಷೆಯಲ್ಲಿ ಪರೀಕ್ಷೆ ಮಾಡುತ್ತಾರೆ? ನೀನು ಕೇಳದಿದ್ದರೆ ಪರೀಕ್ಷೆ ಮಾಡುವವರಿಗೆ ಯಾವುದು ಬರುತ್ತದೋ ಅದರಲ್ಲೇ ಮಾಡುತ್ತಾರೆ.

ಅದರಿಂದ ಏನಾಗುತ್ತದೆ ನೋಡು. ಮೇಜಿನ ಮೇಲೆ ಮರದ ಹಲಗೆ ಇಡುತ್ತಾರೆ, ಸೆಗುವಿನ್ ಫಾರಂ ಬೋರ್ಡು ಅಂತ. ಅದರಲ್ಲಿ ನಕ್ಷತ್ರ, ವೃತ್ತ, ಶಿಲುಬೆ ಹೀಗೆ ಹತ್ತು ಆಕಾರದ ಗುಳಿಗಳು, ಪಕ್ಕದಲ್ಲಿ ಅವುಗಳಿಗೆ ಕೂರುವ ಹತ್ತು ತುಂಡುಗಳು. ಸ್ಟಾಪ್‌ವಾಚ್ ಒತ್ತುತ್ತಾರೆ. ಹುಡುಗ ಟಕಟಕ ಕೂರಿಸುತ್ತಾನೆ. ಮೂರು ಸಲ ಮಾಡಿಸಿ, ಎಲ್ಲಕ್ಕಿಂತ ಬೇಗ ಮುಗಿಸಿದ್ದನ್ನು ಬರೆದುಕೊಳ್ಳುತ್ತಾರೆ. ಇದಕ್ಕೆ ಭಾಷೆ ಬೇಕಿಲ್ಲ. ಆಮೇಲೆ ಹಲಗೆ ಪಕ್ಕಕ್ಕಿಟ್ಟು, ಪುಸ್ತಕದ ಕನ್ನಡದಲ್ಲೋ ಇಂಗ್ಲಿಷಿನಲ್ಲೋ ‘ಇವೆರಡಕ್ಕೂ ಇರುವ ಹೋಲಿಕೆ ಏನು ಹೇಳು’ ಅನ್ನುತ್ತಾರೆ. ಈಗ ತಾನೇ ಟಕಟಕ ಕೈ ಓಡಿಸಿದ ಅದೇ ಹುಡುಗ ಅಂಗಿಯ ತುದಿ ಹಿಡಿದು ಹಿಂಡುತ್ತಾ ನೆಲ ನೋಡುತ್ತಾನೆ. ಕಾಗದದ ಮೇಲೆ ಅದು ಸೊನ್ನೆ. ಅದೇ ಪ್ರಶ್ನೆಯನ್ನು ನೀನು ಅಡುಗೆಮನೆಯಲ್ಲಿ ನಿಂತು ನಿಮ್ಮ ಭಾಷೆಯಲ್ಲಿ ಕೇಳಿದ್ದರೆ ಬಾಯಿ ಮುಚ್ಚಿಸುವುದೇ ಕಷ್ಟವಾಗುತ್ತಿತ್ತು.

ಈ ಸೊನ್ನೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದೂ ಗೊತ್ತಿರಲಿ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ, ಮಗುವಿನ ಐಕ್ಯೂ 85ಕ್ಕಿಂತ ಮೇಲಿದ್ದರೆ ಮಾತ್ರ ಕಲಿಕಾ ನ್ಯೂನತೆಯ ಮುಂದಿನ ಪರೀಕ್ಷೆ. ಆ ಮುಂದಿನ ಪರೀಕ್ಷೆಗೆ ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲೇ ತಯಾರಾದ ಪರೀಕ್ಷಾಗುಚ್ಛವನ್ನು ಬಳಸುತ್ತಾರೆ. ಗೊತ್ತಿಲ್ಲದ ಭಾಷೆಯಲ್ಲಿ ಕೇಳಿ ಐಕ್ಯೂ 78 ಅಂತ ಬರೆದುಬಿಟ್ಟರೆ ಮಗು ಅಲ್ಲಿಗೇ ಜಾರಿತು. ಕಲಿಕಾ ನ್ಯೂನತೆಯ ಪತ್ರವೂ ಇಲ್ಲ, ಬೌದ್ಧಿಕ ವಿಕಲತೆಯ ಪತ್ರವೂ ಇಲ್ಲ, ‘ಸ್ಲೋ ಲರ್ನರ್’ ಅನ್ನುವ ಒಂದು ಹಣೆಪಟ್ಟಿ ಮಾತ್ರ. ಮಾರ್ಗಸೂಚಿಯನ್ನು 2024ರಲ್ಲಿ ಪರಿಷ್ಕರಿಸಿದ್ದಾರೆ, ನೀನು ಹೋಗುವ ಹೊತ್ತಿಗೆ ಯಾವ ನಿಯಮ ನಡೆಯುತ್ತಿದೆ ಅಂತ ಆಸ್ಪತ್ರೆಯಲ್ಲೇ ಕೇಳಿಕೋ.

ಭಾಷೆಯ ವಿಷಯ ಯಾರಿಗೂ ಹೊಳೆದಿರಲಿಲ್ಲ ಅಂತಲ್ಲ. ಬುದ್ಧಿ ಅಳೆಯುವ ಪರೀಕ್ಷೆಯನ್ನು ಮೊದಲು ಮಾಡಿದವರು ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೇ ಮತ್ತು ಸೈಮನ್, 1905ರಲ್ಲಿ. ಅದೂ ಶಾಲೆಯಲ್ಲಿ ಯಾವ ಮಗುವಿಗೆ ಹೆಚ್ಚಿನ ನೆರವು ಬೇಕು ಅಂತ ಹುಡುಕುವುದಕ್ಕೆ. ಆ ಪರೀಕ್ಷೆಯನ್ನು ವಿ.ವಿ. ಕಾಮತ್ ಅನ್ನುವವರು 1934ರಷ್ಟು ಹಿಂದೆಯೇ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗೆ ಹೊಂದುವ ಹಾಗೆ ತಿದ್ದಿ ಕೂರಿಸಿದರು. ಬಿನೇ-ಕಾಮತ್ ಪರೀಕ್ಷೆ ಅಂತ ಅದು ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ನಡೆಯುತ್ತಿದೆ. ಫ್ರೆಂಚ್ ಮಕ್ಕಳ ಪ್ರಶ್ನೆಯನ್ನು ಹಾಗೇ ಎತ್ತಿ ಕನ್ನಡದ ಮಕ್ಕಳಿಗೆ ಕೇಳಬಾರದು ಅಂತ ಅವರಿಗೆ ಆಗಲೇ ಗೊತ್ತಿತ್ತು. ಕನ್ನಡದ್ದನ್ನು ಉರ್ದು ಮನೆಯ ಮಗುವಿಗೆ ಹಾಗೇ ಕೇಳಿಬಿಡುವವರಿಗೂ ಅದು ಗೊತ್ತಿರಬೇಕಲ್ಲವೇ? ಅಷ್ಟು ಹಳೆಯ ಪರೀಕ್ಷೆಯ ಅಂಕವನ್ನು ಎಷ್ಟು ನಂಬಬೇಕು ಅನ್ನುವುದು ಇನ್ನೊಂದು ಪ್ರಶ್ನೆ. ಪಳಗಿದ ಸೈಕಾಲಜಿಸ್ಟು ಅದೊಂದನ್ನೇ ನೆಚ್ಚಿ ಕೂರುವುದಿಲ್ಲ. ಮಾತು ಬೇಡದ ಪರೀಕ್ಷೆ, ಮನೆಯ ನಡವಳಿಕೆಯ ಬಗ್ಗೆ ತಾಯಿಗೆ ಕೇಳುವ ಪ್ರಶ್ನೆಗಳು, ಶಾಲೆಯ ನೋಟ್‌ಬುಕ್ಕು, ಎಲ್ಲವನ್ನೂ ಒಟ್ಟಿಗಿಟ್ಟು ನೋಡುತ್ತಾರೆ. ಅವರಿಗೆ ಉರ್ದು ಬರದಿದ್ದರೆ ಬರುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಆ ಒಬ್ಬರು ನೀನಾಗಬೇಡ. ಮಗನಿಗೆ ಉತ್ತರ ಹೇಳಿಕೊಡದೆ ಯಾವ ತಾಯಿ ಕೂತಾಳು?

ಓದಿನ ವಿಷಯದಲ್ಲೂ ಹೀಗೇ. ಫೋನಿನಲ್ಲಿ ಓಡಾಡುವ ಡಿಸ್ಲೆಕ್ಸಿಯಾ ಪಟ್ಟಿಗಳಲ್ಲಿ ‘ಬಿ’ಗೆ ‘ಡಿ’ ಬರೆಯುವುದೇ ದೊಡ್ಡ ಲಕ್ಷಣ. ಅದು ಇಂಗ್ಲಿಷ್ ಅಕ್ಷರಗಳ ಕಥೆ. ಕನ್ನಡದಲ್ಲಿ ಎಡವುವ ಮಗು ದೀರ್ಘ ನುಂಗುತ್ತದೆ, ಒತ್ತು ಬಿಡುತ್ತದೆ, ಒಂದೊಂದೇ ಅಕ್ಷರ ಜೋಡಿಸಿ ಓದಿ ಸಾಲಿನ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದನ್ನು ಮರೆಯುತ್ತದೆ. ಹಾಗಂತ ಒತ್ತು ಬಿಟ್ಟ ಮಕ್ಕಳಿಗೆಲ್ಲ ಕಾಯಿಲೆ ಅಂತಲೂ ಅಲ್ಲ. ಬೆಂಗಳೂರಿನ ಸೊನಾಲಿ ನಾಗ್ ಅನ್ನುವ ಸಂಶೋಧಕಿ ಕನ್ನಡ ಶಾಲೆಯ ಮಕ್ಕಳ ಓದನ್ನು ಅಧ್ಯಯನ ಮಾಡಿ 2007ರಲ್ಲಿ ಪ್ರಕಟಿಸಿದರು. ನಮ್ಮ ಅಕ್ಷರ, ಕಾಗುಣಿತ, ಒತ್ತಕ್ಷರ ಪೂರ್ತಿ ಕೈಗೆ ಹತ್ತುವುದಕ್ಕೆ ಮಾಮೂಲು ಮಕ್ಕಳಿಗೂ ನಾಲ್ಕನೇ ತರಗತಿಯವರೆಗೆ ಹಿಡಿಯುತ್ತದೆ ಅಂತ ಅದರಲ್ಲಿ ಕಂಡುಬಂತು. ನಾವು ಹಳೇ ಟೀಚರುಗಳು ಅದನ್ನು ಬಾಯಿಮಾತಲ್ಲಿ ಹೇಳುತ್ತಿದ್ದೆವು, ಅವರು ಅಳೆದು ತೋರಿಸಿದರು. ಹಾಗಾಗಿ ಎರಡನೇ ತರಗತಿಯ ಮಗುವಿಗೆ ಒತ್ತಕ್ಷರ ಬರಲ್ಲ ಅಂತ ಯಾರಾದರೂ ಹೆಸರಿಟ್ಟರೆ ನೀನು ಅಷ್ಟು ಬೇಗ ಒಪ್ಪಬೇಡ. ಕಲಿಕಾ ನ್ಯೂನತೆಗೆ ಪ್ರಮಾಣಪತ್ರ ಕೊಡುವುದು ಎಂಟು ವರ್ಷ ತುಂಬಿದ ಮೇಲೆಯೇ.

ನಿನ್ನ ಮಗನ ಬಗ್ಗೆ ನನಗೆ ಗೊತ್ತಿರುವುದೊಂದು ಹೇಳಲಾ? ಆವತ್ತು ನಿನ್ನ ಮನೆ ಕಟ್ಟೆಯ ಮೇಲೆ ಕೂತಿದ್ದಾಗ ನೋಡಿದೆ. ಪ್ಯಾಂಟುಗಳ ದಾರ ಕತ್ತರಿಸಿ 28, 30, 32, 34 ಅಂತ ಸೈಜಿನ ಪ್ರಕಾರ ಬೇರೆ ಬೇರೆ ಗುಡ್ಡೆ ಹಾಕುತ್ತಿದ್ದ. ಡಜನ್ನಿಗೆ ಒಂದು ಕಡಿಮೆಯಿದ್ದ ಬಂಡಲ್ಲನ್ನು ಎತ್ತಿ ಪಕ್ಕಕ್ಕಿಟ್ಟು, ‘ಅಮ್ಮೀ, ಇಸ್ಮೆ ಏಕ್ ಕಮ್’ ಅಂತ ಕೂಗಿದ. ಗಣಿತದಲ್ಲಿ ಸೊನ್ನೆ ತರುವ ಹುಡುಗ ಇವನೇ. ಇಂಥದ್ದನ್ನು ಬರೆದಿಡು. ಯಾವುದು ಬರುತ್ತದೆ, ಯಾವುದು ಬರುವುದಿಲ್ಲ, ಯಾವ ಹೊತ್ತಿನಲ್ಲಿ ಕೈಯಾಡುತ್ತದೆ, ಯಾವುದಕ್ಕೆ ಕಿರುಚುತ್ತಾನೆ. ಒಂದು ಹದಿನೈದು ದಿನ ಹಳೇ ನೋಟ್‌ಬುಕ್ಕಿನಲ್ಲಿ, ನಿನಗೆ ಬರುವ ಭಾಷೆಯಲ್ಲಿ ಬರೆ. ಎರಡು ಗಂಟೆ ಕೂತು ನೋಡುವ ತಜ್ಞರಿಗೆ ಅದಕ್ಕಿಂತ ಒಳ್ಳೆಯ ಕಾಗದ ಯಾರೂ ಕೊಡಲಾರರು.

ಎಲ್ಲಿಗೆ ಹೋಗುವುದು ಅಂದರೆ, ಮೊದಲು ಊರಲ್ಲೇ. ಬೆಂಗಳೂರಿಗೆ ಹೋಗದೆ ಏನೂ ಆಗುವುದಿಲ್ಲ ಅನ್ನುವ ಕೀಳರಿಮೆ ನಮ್ಮ ಬಳ್ಳಾರಿಯವರಿಗೆ ಯಾಕೋ. ಜಿಲ್ಲೆಯ ಮಟ್ಟದಲ್ಲೇ, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರುಗಳಿಗೆ ತರಬೇತಿ ಕೊಟ್ಟು ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡಬಹುದು ಅಂತ ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. ‘ಬಳ್ಳಾರಿ ಮಾದರಿ’ ಅಂತಲೇ ಅದು ಹೆಸರಾಯಿತು, 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಅದನ್ನು ನೋಡಿಯೇ. ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕು ಸಿರುಗುಪ್ಪ ಕಡೆಯವರಿಗೆ ಹತ್ತಿರದ ಬಾಗಿಲು. ಹಳ್ಳಿಯಾದರೆ ಪಂಚಾಯಿತಿಯ ವಿಆರ್‌ಡಬ್ಲ್ಯು, ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು ಅಂತ ಪುನರ್ವಸತಿ ಕಾರ್ಯಕರ್ತರಿರುತ್ತಾರೆ, ಅರ್ಜಿ ತುಂಬುವ ಕೆಲಸಕ್ಕೆ ಅವರನ್ನು ಹಿಡಿಯಿರಿ.

ಇಲ್ಲಿ ನೋಡಿದ್ದು ಸಾಲದು ಅನ್ನಿಸಿದರೆ, ಅಥವಾ ಇಲ್ಲಿಯ ಮಾತಿಗೂ ನಿನ್ನ ಕಣ್ಣಿಗೆ ಕಂಡದ್ದಕ್ಕೂ ತಾಳೆಯಾಗದಿದ್ದರೆ, ಆಗ ಹೊರಗೆ ಹೋಗು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವೇ ಬೇರೆ ಇದೆ. ಮಾತು, ಕಿವಿ, ಓದು ಈ ಮೂರರ ತೊಂದರೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, 1965ರಿಂದ ಇರುವಂಥದ್ದು. ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಎರಡೂ ಊರಿಗೆ ಅದೇ ಗಾಡಿ. ಆದರೆ ರಾತ್ರಿಯೆಲ್ಲ ಜನರಲ್ ಬೋಗಿಯಲ್ಲಿ ಕಾಲು ಮುದುರಿಕೊಂಡು ಹೋದ ಮಗುವನ್ನು ಬೆಳಿಗ್ಗೆ ಎಂಟಕ್ಕೆ ಪರೀಕ್ಷೆಗೆ ಕೂರಿಸಬೇಡ. ಆವತ್ತು ಚೀಟಿ ಮಾಡಿಸು, ಡಾಕ್ಟರನ್ನು ಕಾಣು, ಪರೀಕ್ಷೆಗೆ ಬೇರೆ ದಿನ ಕೇಳು. ಹೇಗೂ ಒಂದೇ ದಿನಕ್ಕೆ ಮುಗಿಯುವ ಕೆಲಸವಲ್ಲ. ಮೊದಲು ಎಲ್ಲಿ, ಯಾವ ಪರೀಕ್ಷೆ, ಯಾವ ತಾರೀಖಿಗೆ ಮಾಡಿಸಿದ್ದೆ ಅನ್ನುವುದನ್ನು ಮುಚ್ಚಿಡಬೇಡ. ಒಂದೇ ಪರೀಕ್ಷೆಯನ್ನು ಕೆಲವೇ ತಿಂಗಳಲ್ಲಿ ಮತ್ತೆ ಮಾಡಿದರೆ ಮಗುವಿಗೆ ಪ್ರಶ್ನೆ ನೆನಪಿದ್ದು ಅಂಕ ಸುಮ್ಮನೆ ಏರುತ್ತದೆ, ಅದು ಯಾರಿಗೂ ಉಪಯೋಗವಿಲ್ಲ. ಹಳೆಯ ವರದಿಯ ತೀರ್ಮಾನವನ್ನು ಮಾತ್ರ ‘ನೀವು ನೋಡಿದ ಮೇಲೆ ಓದಿ ಮೇಡಂ’ ಅಂತ ಕೇಳಿಕೊಳ್ಳಬಹುದು, ತಪ್ಪೇನಿಲ್ಲ.

ವರದಿ ಕೈಗೆ ಬಂದಾಗ ಐಕ್ಯೂ ಸಂಖ್ಯೆಯೊಂದನ್ನೇ ನೋಡಿ ಎದೆ ಒಡೆದುಕೊಳ್ಳಬೇಡ. ಯಾವ ಯಾವ ಪರೀಕ್ಷೆ, ಯಾವ ಭಾಷೆಯಲ್ಲಿ, ಮಗು ಹೇಗೆ ಕೂತಿತ್ತು, ಯಾವುದರಲ್ಲಿ ಗಟ್ಟಿ, ಯಾವುದರಲ್ಲಿ ಕಚ್ಚಾ, ತರಗತಿಯಲ್ಲಿ ಟೀಚರು ಏನು ಮಾಡಬೇಕು, ಇಷ್ಟೂ ಅದರಲ್ಲಿ ಇರಬೇಕು. ಕೊನೆಯದು ಇಲ್ಲದಿದ್ದರೆ ವಾಪಸ್ ಹೋಗಿ ಬರೆಸಿಕೊಂಡು ಬಾ. ‘ಮೊದಲ ಬೆಂಚಿನಲ್ಲಿ ಕೂರಿಸಿ’, ‘ಪ್ರಶ್ನೆಯನ್ನು ಓದಿ ಹೇಳಿ’, ‘ಬರೆಯುವ ಬದಲು ಬಾಯಲ್ಲಿ ಉತ್ತರ ಕೇಳಿ’, ‘ಬೋರ್ಡಿನಿಂದ ನಕಲು ಮಾಡಿಸಬೇಡಿ’ ಅನ್ನುವಂಥ ಸಾಲುಗಳು ಎರಡೇ ಇದ್ದರೂ ಸಾಕು, ಶಾಲೆಯಲ್ಲಿ ಆ ವರದಿಗೆ ಕಾಲು ಬರುತ್ತದೆ.

ಇನ್ನೊಂದು ಗೊಂದಲ ನಮ್ಮವರಲ್ಲಿದೆ. ತಜ್ಞರ ವರದಿ ಬೇರೆ, ಸರ್ಕಾರದ ಅಂಗವಿಕಲತೆ ಪ್ರಮಾಣಪತ್ರ ಬೇರೆ. ವರದಿಯನ್ನು ಯಾರಿಂದ ಬೇಕಾದರೂ ಮಾಡಿಸಬಹುದು. ಪ್ರಮಾಣಪತ್ರ ಕೊಡುವುದು ಸರ್ಕಾರ ನೇಮಿಸಿದ ಆಸ್ಪತ್ರೆಯ ವೈದ್ಯರ ಮಂಡಳಿ ಮಾತ್ರ, ಸ್ವಾವಲಂಬನ್ ಪೋರ್ಟಲ್ಲಿನಲ್ಲಿ ಯುಡಿಐಡಿ ಅನ್ನುವ ವಿಕಲಚೇತನರ ಗುರುತಿನ ಚೀಟಿಗೆ ಅರ್ಜಿ ಹಾಕಬೇಕು. ಸೌಲಭ್ಯಗಳಲ್ಲಿ ಬಹಳಷ್ಟಕ್ಕೆ ಶೇ 40 ವಿಕಲತೆ ಅನ್ನುವುದೇ ಗೆರೆ. ಮಂಡಳಿ ಇಲ್ಲ ಅಂದರೆ ಕಾರಣವನ್ನು ಬರೆದು ಕೊಡಬೇಕು, ಒಪ್ಪದಿದ್ದರೆ 59ನೇ ಸೆಕ್ಷನ್ನಿನಲ್ಲಿ ಮೇಲ್ಮನವಿ ಇದೆ. ಆಗ ನೀನು ಬೇರೆ ಕಡೆ ಮಾಡಿಸಿದ ವರದಿ ಕೈಯಲ್ಲಿದ್ದರೆ ಮಾತಿಗೆ ತೂಕ ಬರುತ್ತದೆ. ಶೇ 40 ಮುಟ್ಟದಿದ್ದರೂ ಎಲ್ಲ ಮುಗಿಯಿತು ಅಂದುಕೊಳ್ಳಬೇಡ. ಕೈಬೆರಳು ಸೆಟೆದುಕೊಂಡು ಬರೆಯಲಾಗದ ವಿಕಾಸ್ ಕುಮಾರ್ ಅನ್ನುವ ಅಭ್ಯರ್ಥಿ ಯುಪಿಎಸ್‌ಸಿ ವಿರುದ್ಧ ಹೋದ ಮೊಕದ್ದಮೆಯಲ್ಲಿ, ಬರೆಯಲು ಸಹಾಯಕರನ್ನು ಕೊಡುವುದಕ್ಕೆ ಆ ಶೇ 40ರ ಗೆರೆಯನ್ನು ಅಡ್ಡ ತರಬಾರದು ಅಂತ ಸುಪ್ರೀಂ ಕೋರ್ಟು 2021ರ ಫೆಬ್ರುವರಿಯಲ್ಲಿ ಹೇಳಿದೆ.

ಅಮೆರಿಕದಲ್ಲಿರುವ ನನ್ನ ತಮ್ಮನ ಸೊಸೆ ಒಮ್ಮೆ ಹೇಳುತ್ತಿದ್ದಳು, ಅಲ್ಲಿ ಶಾಲೆಯವರು ಮಾಡಿದ ಪರೀಕ್ಷೆ ಒಪ್ಪಿಗೆಯಾಗದಿದ್ದರೆ ತಂದೆತಾಯಿ ಹೊರಗಿನ ತಜ್ಞರಿಂದ ಮಾಡಿಸಿ ಅಂತ ಕೇಳಬಹುದಂತೆ. ಖರ್ಚು ಶಾಲಾ ಮಂಡಳಿಯದು. ಕೊಡಲ್ಲ ಅಂದರೆ ತಮ್ಮ ಪರೀಕ್ಷೆಯೇ ಸರಿ ಅಂತ ಅವರೇ ವಿಚಾರಣೆಗೆ ಹೋಗಿ ಸಾಬೀತು ಮಾಡಬೇಕು. ನಮ್ಮಲ್ಲಿ ಅಂಥ ಖರ್ಚು ಯಾರೂ ಕೊಡುವುದಿಲ್ಲ. ಆದರೆ ಸರ್ಕಾರಿ ಆಸ್ಪತ್ರೆಯ ಬಾಗಿಲು ತೆರೆದಿದೆ, ಸರತಿ ಉದ್ದ ಅಷ್ಟೇ.

ವರದಿ ಬಂದ ಮೇಲೆ ಅದನ್ನು ಟ್ರಂಕಿನಲ್ಲಿಡಬೇಡ. ಒಂದು ನಕಲಿಗೆ ಮೇಲೊಂದು ಅರ್ಜಿ ಲಗತ್ತಿಸಿ ಹೆಡ್‌ಮಾಸ್ಟರಿಗೆ ಕೊಡು, ಇನ್ನೊಂದನ್ನು ಬಿಇಓ ಕಚೇರಿಗೆ. ಬ್ಲಾಕಿನಲ್ಲಿ ಬಿಐಇಆರ್‌ಟಿ ಅಂತ ವಿಶೇಷ ಮಕ್ಕಳ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರ ಹೆಸರು ಕೇಳಿಕೊಂಡು ಹೋಗಿ ಕಾಣು. ಅವರೂ ಪಾಪ, ಹತ್ತಾರು ಶಾಲೆ ಸುತ್ತುವವರು. ಪ್ರಾಥಮಿಕ ಶಾಲೆಯಲ್ಲಿ ಇಂಥ ಹತ್ತು ಮಕ್ಕಳಿಗೆ ಒಬ್ಬ, ಅದರ ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬ ವಿಶೇಷ ಶಿಕ್ಷಕರು ಬೇಕು ಅಂತ ಸುಪ್ರೀಂ ಕೋರ್ಟು 2021ರಲ್ಲಿ ಹೇಳಿತು, ಹುದ್ದೆಗಳನ್ನು ಗೊತ್ತುಮಾಡಿ ಅಂತ 2025ರಲ್ಲಿ ರಾಜ್ಯಗಳಿಗೆ ಮತ್ತೆ ತಾಕೀತು ಮಾಡಬೇಕಾಯಿತು. ಆ ಹುದ್ದೆಗಳು ತುಂಬುವವರೆಗೆ ತರಗತಿಯ ಟೀಚರನ್ನೇ ನಂಬಬೇಕು. ಅವರ ಜೊತೆ ಹಗೆ ಕಟ್ಟಿಕೊಳ್ಳಬೇಡ. ‘ನೀವು ಮೊದಲು ಗಮನಿಸಿದ್ದಕ್ಕೇ ಗೊತ್ತಾಯ್ತು ಮೇಡಂ’ ಅಂತ ಒಂದು ಮಾತು ಹೇಳು, ಅದು ಸುಳ್ಳೂ ಅಲ್ಲವಲ್ಲ.

ಮನೆಯವರಿಗೆ ಹೇಳುವುದೂ ಸ್ವಲ್ಪ ಇದೆ. ‘ತಾರೆ ಜಮೀನ್ ಪರ್’ ಸಿನಿಮಾ ಬಂದಾಗಿನಿಂದ ಓದು ಬರದ ಹುಡುಗನೊಳಗೆ ಒಬ್ಬ ಚಿತ್ರಕಾರ ಕೂತಿರುತ್ತಾನೆ ಅಂತ ಜನ ಕಾಯುತ್ತಾರೆ. ಹಾಗೇನೂ ಇರಬೇಕಾಗಿಲ್ಲ. ಏನೂ ವಿಶೇಷವಿಲ್ಲದ ಮಾಮೂಲಿ ಹುಡುಗನಿಗೂ ಓದು ಕಲಿಸಿಕೊಡುವ ಹಕ್ಕಿದೆ. ಅತ್ತೆಗೆ ನಜರ್ ತೆಗೆಯಬೇಕು ಅನ್ನಿಸಿದರೆ ತೆಗೆಯಲಿ ಬಿಡು, ಆಸ್ಪತ್ರೆಯ ತಾರೀಖು ತಪ್ಪಿಸದಿದ್ದರೆ ಸಾಕು. ಗಂಡನನ್ನು ಮಾತ್ರ ಒಂದು ದಿನ ಕೆಲಸ ಬಿಡಿಸಿ ಕರೆದುಕೊಂಡು ಹೋಗು. ಅವನೂ ಹಾಗೇ ಇದ್ದೆ ಅನ್ನುತ್ತಾನಲ್ಲ, ಡಾಕ್ಟರು ಅದನ್ನು ಬರೆದುಕೊಳ್ಳುತ್ತಾರೆ. ಇಂಥದ್ದು ಮನೆತನದಲ್ಲಿ ಹರಿದು ಬರುವುದುಂಟು.

ಕಲಿಕಾ ನ್ಯೂನತೆ ಅಂತಲೇ ಗೊತ್ತಾಯಿತು ಅನ್ನು. 2018ರ ಮಾರ್ಗಸೂಚಿಯ ಪ್ರಕಾರ, ಎಂಟು ವರ್ಷಕ್ಕೆ ಕೊಟ್ಟ ಪತ್ರವನ್ನು ಹದಿನಾಲ್ಕಕ್ಕೆ, ಮತ್ತೆ ಹದಿನೆಂಟಕ್ಕೆ ಪರೀಕ್ಷೆ ಮಾಡಿಸಿ ಹೊಸದು ಪಡೆಯಬೇಕಾಗುತ್ತದೆ. ಹದಿನಾಲ್ಕರದು ಬಹಳ ಮುಖ್ಯ, ಎಸ್‌ಎಸ್‌ಎಲ್‌ಸಿ ಅದರ ಹಿಂದೆಯೇ ಬರುತ್ತದೆ. ಹೆಚ್ಚಿನ ಸಮಯ, ಬರೆದುಕೊಡುವ ಸಹಾಯಕರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇಷ್ಟಕ್ಕೂ ಕಾಯ್ದೆಯ 17ನೇ ಸೆಕ್ಷನ್ನಿನಲ್ಲಿ ಆಧಾರವಿದೆ. ಹೆಚ್ಚಿನ ಸಮಯ ಗಂಟೆಗೆ 20 ನಿಮಿಷಕ್ಕಿಂತ ಕಡಿಮೆ ಇರಬಾರದು ಅಂತ ಕೇಂದ್ರದ 2018ರ ಮಾರ್ಗಸೂಚಿ ಹೇಳುತ್ತದೆ, ಮೂರು ತಾಸಿನ ಪರೀಕ್ಷೆಗೆ ಒಂದು ತಾಸು ಸಿಕ್ಕ ಹಾಗಾಯಿತು. ಆದರೆ ಇದೆಲ್ಲ ಹಾಲ್ ಟಿಕೆಟ್ ಬಂದ ಮೇಲೆ ಓಡಾಡಿದರೆ ಸಿಗುವುದಿಲ್ಲ. ಪರೀಕ್ಷಾ ಮಂಡಳಿಗೆ ಮಕ್ಕಳ ಹೆಸರು ನೋಂದಾಯಿಸುವಾಗಲೇ ಶಾಲೆಯವರು ದಾಖಲೆ ಕಳಿಸಬೇಕು. ಒಂಬತ್ತನೇ ತರಗತಿ ಬೇಸಿಗೆ ರಜೆಯಲ್ಲೇ ಪತ್ರ ನವೀಕರಿಸಿಕೊಂಡು, ಶಾಲೆ ಬಾಗಿಲು ತೆಗೆದ ವಾರದಲ್ಲೇ ಹೆಡ್‌ಮಾಸ್ಟರ ಕೈಗೆ ಕೊಟ್ಟು, ನಿನ್ನ ನಕಲಿನ ಮೇಲೆ ಸೀಲು ಸಹಿ ತಾರೀಖು ಮೂರನ್ನೂ ಹಾಕಿಸಿಕೊಂಡು ಬಾ.